ಈ ನೆರೆ ಯಾವ ವರ್ಷದ್ದು?

ಒಂದು ಜುಲೈ ರಾತ್ರಿ, ಮಳೆ ಹಿಡಿದು ಮೂರನೇ ದಿನ, ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಮಂಗಳೂರಿನ ಪಂಪ್‌ವೆಲ್ ವೃತ್ತ ಮುಳುಗಿತು. ಸೊಂಟದವರೆಗೆ ಕೆಂಪು ನೀರು, ಅದರೊಳಗೆ ನಿಂತುಹೋದ ಸಿಟಿ ಬಸ್ಸು, ಹಿಂದಿನಿಂದ ಯಾರೋ ತುಳುವಿನಲ್ಲಿ ಬೊಬ್ಬೆ ಹಾಕುವ ಸದ್ದು. ನಾನು ಅರೆಗಳಿಗೆಯೂ ಯೋಚಿಸಲಿಲ್ಲ. ಕಚೇರಿಯವರ ಗ್ರೂಪಿಗೂ ಫ್ಲಾಟಿನವರ ಗ್ರೂಪಿಗೂ ಕಳಿಸಿದೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಬೇಕಿದ್ದ ಚಿಕ್ಕಮ್ಮನ ಮಗಳು ಟಿಕೆಟ್ ರದ್ದು ಮಾಡಿದಳು. ಅರ್ಧ ಗಂಟೆ ಕಳೆದು ಕಂಕನಾಡಿಯ ಮಾವ ಫೋನ್ ಮಾಡಿದರು: "ಎಂತ ಮಾರಾಯ, ಆ ವಿಡಿಯೋದಲ್ಲಿ ಫ್ಲೈಓವರ್ ಎಲ್ಲಿ ಉಂಟು?"

ಇರಲಿಲ್ಲ. ಅರ್ಧಂಬರ್ಧ ಎದ್ದ ಕಂಬಗಳಷ್ಟೇ ಇದ್ದವು. ಪಂಪ್‌ವೆಲ್ ಮೇಲ್ಸೇತುವೆ ಸಂಚಾರಕ್ಕೆ ತೆರೆದದ್ದು 2020ರ ಜನವರಿ 31ರಂದು. ಅದು ಮುಗಿಯುವುದರೊಳಗೆ ಅದರ ಮೇಲೆ ಹುಟ್ಟಿದ ಜೋಕುಗಳಿಗೆ ಲೆಕ್ಕವಿಲ್ಲ. ಆ ವಿಳಂಬದಿಂದ ಆದ ಒಂದೇ ಉಪಕಾರವೆಂದರೆ, ಪಂಪ್‌ವೆಲ್‌ನ ಯಾವ ಚಿತ್ರ ಬಂದರೂ ಅದು 2020ರ ಹಿಂದಿನದೋ ಮುಂದಿನದೋ ಎಂದು ಒಂದು ನೋಟಕ್ಕೆ ಹೇಳಬಹುದು. ನಾನು ಹಂಚಿದ್ದು 2018ರ ಮೇ 29ರ ನೀರು. ಮುಂಗಾರು ಸರಿಯಾಗಿ ಕಾಲಿಡುವ ಮೊದಲೇ ಕೊಟ್ಟಾರ ಚೌಕಿಯಿಂದ ಹಿಡಿದು ಪೇಟೆಯ ತಗ್ಗುಗಳೆಲ್ಲ ತುಂಬಿದ ದಿನ ಅದು.

ಆ ವಿಡಿಯೋದಲ್ಲಿ ಜಾಗ ನಿಜ, ನೀರು ನಿಜ, ಬೊಬ್ಬೆ ನಿಜ. ತಪ್ಪಿದ್ದು ವರ್ಷ ಮಾತ್ರ. ಮಳೆಗಾಲದಲ್ಲಿ ನಮ್ಮ ಮೊಬೈಲುಗಳಿಗೆ ಬರುವ, ದಾರಿ ತಪ್ಪಿಸುವ ಸಂದೇಶಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ ಹೆಚ್ಚಿನವು ಈ ಜಾತಿಯವೇ. ಒಂದು ದಿನ ನಿಜವಾಗಿದ್ದು, ಈಗ ಹಳಸಿದವು. ಜಿಲ್ಲಾಡಳಿತವೂ ಮಾಧ್ಯಮಗಳೂ ಎಲ್ಲವನ್ನೂ 'ಸುಳ್ಳು ಸುದ್ದಿ' ಎಂಬ ಒಂದೇ ಗೋಣಿಯಲ್ಲಿ ಕಟ್ಟುವುದರಿಂದ, ಅದನ್ನು ಹಂಚುವವನಿಗೆ ಆ ಮಾತು ತನಗೆ ಹೇಳಿದ್ದೆಂದು ಅನಿಸುವುದೇ ಇಲ್ಲ. ನನಗೂ ಅನಿಸಿರಲಿಲ್ಲ. ಸುಳ್ಳು ಹೇಳುವವನು ಬೇರೆ ಯಾರೋ, ನಾನು ಊರವರಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ಭಾವಿಸಿದ್ದೆ.

ಕಿವಿರು ಕತ್ತರಿಸಿದ ಮೀನು

ಮೀನು ಇಳಿಸುವ ದಕ್ಕೆಯಲ್ಲಿ ಬಂಗುಡೆ ಕೊಳ್ಳುವಾಗ, ತಾಜಾ ಹೌದೋ ಅಲ್ಲವೋ ಎಂದು ಕಿವಿರು ಎತ್ತಿ ಬಣ್ಣ ನೋಡದೆ ಚೀಲಕ್ಕೆ ಹಾಕಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆ. ವಾಟ್ಸಾಪ್ ಆ ಕಿವಿರನ್ನೇ ಕತ್ತರಿಸಿ ಕೊಡುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೊದ ಒಳಗೆ ತೆಗೆದ ಹೊತ್ತು, ಲೊಕೇಶನ್ ಆನ್ ಇದ್ದರೆ ಜಾಗ, ಇವೆಲ್ಲ ದಾಖಲಾಗಿರುತ್ತವೆ. ಅದೇ ಫೋಟೊವನ್ನು ಮಾಮೂಲಿಯಂತೆ ವಾಟ್ಸಾಪಿನಲ್ಲಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಈ ವಿವರಗಳು ಉದುರಿ ಹೋಗುತ್ತವೆ. ಜಾಗದ ಗುಟ್ಟು ಬಿಟ್ಟುಕೊಡಬಾರದೆಂಬ ಕಾರಣಕ್ಕೆ ಇದು ಒಳ್ಳೆಯದೇ. ಆದರೆ ನೆರೆಯ ಹೊತ್ತಿನಲ್ಲಿ ಬೇಕಾದದ್ದು ಆ ಎರಡೇ ವಿವರಗಳು.

ಇದಕ್ಕಿಂತ ಮೋಸದ ಸಂಗತಿ ಇನ್ನೊಂದು ಉಂಟು. ಆಂಡ್ರಾಯ್ಡ್ ಫೋನಿನಲ್ಲಿ ಬಂದ ಚಿತ್ರವನ್ನು ವಾಟ್ಸಾಪ್ ಉಳಿಸಿಕೊಳ್ಳುವಾಗ ಅದರ ಹೆಸರಿನಲ್ಲೇ ತಾರೀಕು ಸೇರಿಸುತ್ತದೆ. ಆ ತಾರೀಕು ಚಿತ್ರ ನಿಮ್ಮ ಫೋನಿಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. ಗ್ಯಾಲರಿ ತೆರೆದರೆ 2018ರ ಪಂಪ್‌ವೆಲ್ ಇವತ್ತಿನ ಫೋಟೊಗಳ ಸಾಲಿನಲ್ಲಿ, ಮಗುವಿನ ಹುಟ್ಟುಹಬ್ಬದ ಪಕ್ಕದಲ್ಲೇ ಕೂತಿರುತ್ತದೆ. ಎರಡನೆಯ ಕೈಗೆ ಹೋಗುವಷ್ಟರಲ್ಲಿ ಹಳೆಯ ನೀರಿಗೆ ಹೊಸ ತಾರೀಕು ಬಿದ್ದಿರುತ್ತದೆ.

ಕಂಪೆನಿ ಏನೂ ಮಾಡಲಿಲ್ಲ ಎಂದಲ್ಲ. 2018ರ ಜುಲೈಯಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದೇ ಕಡೆಗೆ ಫಾರ್ವರ್ಡ್ ಮಾಡಬಹುದೆಂಬ ಮಿತಿ ಬಂತು. ಮಕ್ಕಳ ಕಳ್ಳರೆಂಬ ವದಂತಿಯಿಂದ ದೇಶದ ಹಲವೆಡೆ ಜನ ಹೊಡೆದು ಸಾಯಿಸಿದ ಪ್ರಕರಣಗಳ ಬೆನ್ನಿಗೆ ಬಂದದ್ದು ಅದು. 2020ರ ಏಪ್ರಿಲ್‌ನಲ್ಲಿ, ಹಲವು ಸಲ ಕೈ ಬದಲಾದ ಸಂದೇಶಗಳಿಗೆ ಆ ಮಿತಿ ಒಂದಕ್ಕೆ ಇಳಿಯಿತು. ಜೋಡಿ ಬಾಣದ ಗುರುತು ಕಂಡರೆ ಅದು ಹಲವು ಕೈ ದಾಟಿ ಬಂದದ್ದೆಂದು ಅರ್ಥ. ಆದರೆ ಸ್ಕ್ರೀನ್‌ಶಾಟ್ ಹೊಡೆದು ಹೊಸದಾಗಿ ಹಾಕಿದರೆ ಬಾಣವೂ ಮಾಯ, ಮಿತಿಯೂ ಮಾಯ. ಅತ್ತ ಒಂದು ಗ್ರೂಪಿನಲ್ಲಿ ಇರಬಹುದಾದವರ ಸಂಖ್ಯೆ 2022ರಲ್ಲಿ 256ರಿಂದ 1,024ಕ್ಕೆ ಏರಿತು. ಬಾಗಿಲು ಕಿರಿದು ಮಾಡಿ ಚಾವಡಿ ದೊಡ್ಡದು ಮಾಡಿದ ಹಾಗೆ.

ಚಿತ್ರಕ್ಕಾದರೂ ಕಂಬ, ಬೋರ್ಡು, ಬಸ್ಸಿನ ನಂಬರು ಎಂದು ಒಂದಲ್ಲ ಒಂದು ಕುರುಹು ಇರುತ್ತದೆ. ಧ್ವನಿ ಸಂದೇಶಕ್ಕೆ ಅದೂ ಇಲ್ಲ. ನಮ್ಮ ಕರಾವಳಿಯಲ್ಲಿ ಆಪತ್ತಿನ ಮಾತು ಹೆಚ್ಚಾಗಿ ಹರಿಯುವುದು ಧ್ವನಿಯಲ್ಲಿ: ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡ. "ಮೇಲೆ ಘಟ್ಟದಲ್ಲಿ ಭಯಂಕರ ಮಳೆ ಅಂತೆ, ಹೊಳೆಬದಿಯವರೆಲ್ಲ ಈಗಲೇ ಏಳಿ" ಎಂದು ಒಬ್ಬರು ಏದುಸಿರು ಬಿಡುತ್ತಾ ಹೇಳಿದರೆ ನಂಬದೆ ಇರುವುದು ಕಷ್ಟ. ದನಿಯಲ್ಲಿ ಗಾಬರಿ ಇದೆ, ಭಾಷೆ ನಮ್ಮದೇ. ಯಾವ ಘಟ್ಟ, ಯಾವ ಹೊಳೆ, ಯಾವ ದಿನ? ಬಂಟ್ವಾಳದ ಗ್ರೂಪಿನಲ್ಲಿ ಅದು ನೇತ್ರಾವತಿ ಆಗುತ್ತದೆ, ಉಡುಪಿಗೆ ಹೋದರೆ ಸ್ವರ್ಣಾ, ಗಂಗೊಳ್ಳಿಗೆ ಹೋದರೆ ಸೌಪರ್ಣಿಕಾ. ಅದನ್ನು ಹುಡುಕಿ ತೆಗೆಯುವ ಹಾಗೂ ಇಲ್ಲ, ಮೂಲ ಹಿಡಿಯುವ ಹಾಗೂ ಇಲ್ಲ.

ಕೆಂಪು ಎಂದರೆ ಎಷ್ಟು ನೀರು

ಜನ ಇಂಥ ದನಿಗಳಿಗೆ ಕಿವಿ ಕೊಡುವುದಕ್ಕೆ ಅಜ್ಞಾನವೇ ಕಾರಣ ಎಂದು ಬರೆದು ಮುಗಿಸುವುದು ಸುಲಭ. ಅಧಿಕೃತ ಮಾಹಿತಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದನ್ನೂ ನೋಡಬೇಕು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಸುರಿದರೆ 'ಭಾರೀ', 204.4 ಮಿ.ಮೀ.ವರೆಗೆ 'ಅತಿ ಭಾರೀ', ಅದರಿಂದ ಮೇಲೆ 'ಅತ್ಯಧಿಕ' ಮಳೆ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ನಾವು ಎಷ್ಟು ಎಚ್ಚರದಲ್ಲಿರಬೇಕು ಎಂದು ಹೇಳುತ್ತವೆ: ಗಮನವಿಡಿ, ಸಜ್ಜಾಗಿರಿ, ಕೆಲಸಕ್ಕಿಳಿಯಿರಿ. ಈ ಬಣ್ಣ ಬರುವುದು ಇಡೀ ಜಿಲ್ಲೆಗೆ. ಸುಳ್ಯದಿಂದ ಮೂಲ್ಕಿಯವರೆಗೆ ಒಂದೇ ಕೆಂಪು. ಮಾಮೂಲಿ ವರ್ಷವೊಂದರಲ್ಲಿ 3,500 ಮಿ.ಮೀ.ಗಿಂತಲೂ ಹೆಚ್ಚು ಮಳೆ ನೋಡುವ ನಮಗೆ ಭಾರೀ ಮಳೆ ಹೊಸತಲ್ಲ. ಬೇಕಾದದ್ದು ಬೇರೆ. ಮನೆ ಹಿಂದಿನ ತೋಡು ಉಕ್ಕುತ್ತದಾ? ಪಕ್ಕದ ಬರೆ, ಎಂದರೆ ಕಡಿದಾದ ಮಣ್ಣಿನ ಗೋಡೆ, ಜರಿಯುತ್ತದಾ? ಶಿರಾಡಿ ಘಾಟಿ ತೆರೆದಿದೆಯಾ? ಇವಕ್ಕೆ ಉತ್ತರ ಬಣ್ಣದಲ್ಲಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ, ಗ್ರಾಮ ಪಂಚಾಯತ್ ಮಟ್ಟದ ಮಳೆ ಅಂಕಿಗಳನ್ನು ಕಲೆಹಾಕುತ್ತದೆ. ಅದು ಜನರ ಕೈಗೆ ಬರುವಾಗ ಪಟ್ಟಿಯ ಚಿತ್ರವಾಗಿ ಬರುತ್ತದೆ, ಓದಲು ಭೂತಗನ್ನಡಿ ಬೇಕು.

ಹೋಲಿಸಿ ನೋಡಿದರೆ ಉಪ್ಪಿನಂಗಡಿಯ ಪದ್ಧತಿ ಎಷ್ಟೋ ಮೇಲು. ಅಲ್ಲಿ ನೇತ್ರಾವತಿ, ಕುಮಾರಧಾರಾ ಸೇರುವ ಕಡೆ, ಸಹಸ್ರಲಿಂಗೇಶ್ವರ ದೇವಸ್ಥಾನದ ಸ್ನಾನಘಟ್ಟದಲ್ಲಿ ಮಳೆಗಾಲವಿಡೀ ಮಾತು ಒಂದೇ: ಎಷ್ಟು ಮೆಟ್ಟಿಲು ಕಾಣುತ್ತಾ ಉಂಟು? ಗೃಹರಕ್ಷಕರು ಕಾವಲು ನಿಂತು ಹೇಳುತ್ತಾರೆ, ಊರವರು ಫೋಟೊ ಹಾಕುತ್ತಾರೆ. ಬೆಳಿಗ್ಗೆ ಇಷ್ಟು ಮೆಟ್ಟಿಲು, ಮಧ್ಯಾಹ್ನ ಇಷ್ಟು ಎಂದರೆ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅಕ್ಷರ ಬಾರದವರಿಗೂ ತಿಳಿಯುತ್ತದೆ. ಮೆಟ್ಟಿಲು ಕದಲುವುದಿಲ್ಲ. ಕೆಳಗೆ ಬಂಟ್ವಾಳದಲ್ಲಿ ಅಪಾಯದ ಮಟ್ಟ 8.5 ಮೀಟರ್, ಅದು ಗೊತ್ತಿಲ್ಲದವನಿಗೆ 'ನದಿ 7.9 ಮೀಟರ್' ಎಂಬ ಸ್ಕ್ರೀನ್‌ಶಾಟ್‌ನಿಂದ ಏನೂ ತಿಳಿಯದು. 1974ರ ನೆರೆ ಕಂಡ ಬಂಟ್ವಾಳ ಪೇಟೆಯ ಹಿರಿಯರು ಇವತ್ತಿಗೂ ಮೀಟರಿನಲ್ಲಿ ಮಾತಾಡುವುದಿಲ್ಲ. ಯಾವ ಅಂಗಡಿಯ ಎಷ್ಟನೇ ಹಲಗೆಯವರೆಗೆ ನೀರು ಬಂದಿತ್ತು ಎಂದು ಹೇಳುತ್ತಾರೆ.

ತುಂಬೆಯ ಮಾತೂ ಹಾಗೆಯೇ. 'ತುಂಬೆ ಡ್ಯಾಂ ಗೇಟು ತೆರೆದರು' ಎಂಬ ಸಾಲು ಒಳ್ಳೆಯ ಮಳೆ ಬಂದಾಗೆಲ್ಲ ಓಡಾಡುತ್ತದೆ. ಗೇಟು ತೆರೆದದ್ದು ನಿಜವೇ. ಅದು ಬೇಸಗೆಗೆ ಮಂಗಳೂರಿನ ಕುಡಿಯುವ ನೀರು ಹಿಡಿದಿಡುವ ಕಿಂಡಿ ಅಣೆಕಟ್ಟು. ಮಳೆಗಾಲದಲ್ಲಿ ಗೇಟು ತೆರೆದಿಟ್ಟು ಹೊಳೆಯನ್ನು ಹರಿಯಲು ಬಿಡುವುದೇ ಅದರ ಕ್ರಮ. ಲಿಂಗನಮಕ್ಕಿಯಂತೆ ಅದರ ಬೆನ್ನಿಗೆ ಸಾಗರದಷ್ಟು ನೀರಿಲ್ಲ. ನಿಜವಾದ ಒಂದು ಸಾಲು, ಹಿನ್ನೆಲೆ ಕಳಚಿದ್ದರಿಂದ, ಅಡ್ಯಾರಿನಿಂದ ಜೆಪ್ಪಿನಮೊಗರುವರೆಗೆ ಹೊಳೆಬದಿಯವರ ನಿದ್ದೆ ಕೆಡಿಸುತ್ತದೆ.

ರಜೆಯ ಆದೇಶ ಎಂಬ ಪರೀಕ್ಷೆ

ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಳೆಗಾಲದ ಅತಿ ಹೆಚ್ಚು ಹುಡುಕಾಟದ ಸುದ್ದಿ ನೆರೆಯದ್ದಲ್ಲ, ರಜೆಯದ್ದು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರೂವರೆಯವರೆಗೆ ಇಡೀ ಜಿಲ್ಲೆಯ ಮಕ್ಕಳು ಜಿಲ್ಲಾಧಿಕಾರಿಯವರ ಭಕ್ತರಾಗಿರುತ್ತಾರೆ. ಕಳೆದ ವರ್ಷದ ಆದೇಶದ ಚಿತ್ರದಲ್ಲಿ ತಾರೀಕು ತಿದ್ದಿ ಹಾಕುವುದು ಹತ್ತನೇ ತರಗತಿಯ ಹುಡುಗನಿಗೆ ಐದು ನಿಮಿಷದ ಕೆಲಸ. ಕೆಲವೊಮ್ಮೆ ತಿದ್ದುವುದೂ ಬೇಡ, ಹಳೆಯದನ್ನು ಹಾಗೆಯೇ ಹಾಕಿದರೂ ಮೊದಲ ಸಾಲು ಓದಿ ಪುಸ್ತಕ ಮುಚ್ಚುವವರಿದ್ದಾರೆ.

ಇದರಲ್ಲಿ ತಮಾಷೆ ಇದೆ, ನಾನೂ ನಕ್ಕವನೇ. ಆದರೆ ಈ ರಜೆಯ ಚಿತ್ರ ನಮಗೆ ಒಂದು ಅಭ್ಯಾಸ ಕಲಿಸಿಬಿಟ್ಟಿದೆ: ಸರಕಾರಿ ಮುದ್ರೆ ಇರುವ ಚಿತ್ರ ಬಂದರೆ ಅದು ಸುಳ್ಳೂ ಇರಬಹುದು, ಇನ್ನೊಂದು ಗ್ರೂಪಿನಲ್ಲಿ ಬರುತ್ತದಾ ನೋಡೋಣ ಎಂದು ಕಾಯುವುದು. ರಜೆಗೆ ಕಾದರೆ ನಷ್ಟವಿಲ್ಲ. ಗುಡ್ಡದ ಬುಡದಲ್ಲಿರುವ ಮನೆ ಖಾಲಿ ಮಾಡಿ ಎಂಬ ಆದೇಶಕ್ಕೂ ಜನ ಹಾಗೆಯೇ ಕಾದರೆ? ಆದೇಶ ಚಿತ್ರವಾಗಿ ಓಡಾಡುವ ಬದಲು ಜಿಲ್ಲೆಯ ಒಂದೇ ಪುಟದಲ್ಲಿ, ಹೊತ್ತು ಸಮೇತ, ಅಕ್ಷರದಲ್ಲಿ ಬಿದ್ದು, ಗ್ರೂಪಿನಲ್ಲಿ ಅದರ ಕೊಂಡಿ ಮಾತ್ರ ಹಂಚುವಂತಾದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಫೋನಿಗೇ ನೇರವಾಗಿ ಎಚ್ಚರಿಕೆ ಕಳಿಸುವ ವ್ಯವಸ್ಥೆಯೂ ಉಂಟು. 2023ರ ಅಕ್ಟೋಬರ್ 12ರಂದು ರಾಜ್ಯದಲ್ಲಿ ಎಷ್ಟೋ ಮೊಬೈಲುಗಳು ಒಮ್ಮೆಗೇ ವಿಚಿತ್ರವಾಗಿ ಕಿರುಚಿದ್ದು ನೆನಪಿರಬಹುದು, ಅದು ಅದರ ಪರೀಕ್ಷೆ. ಯಾವ ಟವರಿನ ವ್ಯಾಪ್ತಿಯವರಿಗೆ ಬೇಕೋ ಅವರಿಗಷ್ಟೇ, ನಂಬರು ಗೊತ್ತಿಲ್ಲದೆಯೂ ಕಳಿಸಬಹುದಾದ ತಂತ್ರ. ಜಿಲ್ಲೆಯಷ್ಟು ಅಗಲದ ಕೆಂಪು ಬಣ್ಣವನ್ನು ಒಂದು ಹೊಳೆಬದಿಗೆ ಇಳಿಸಲು ಇದಕ್ಕಿಂತ ಒಳ್ಳೆಯ ಸಾಧನ ಸದ್ಯಕ್ಕೆ ಕಾಣುವುದಿಲ್ಲ.

ಮುಗಿಯದ ಕರೆಗಳು

2020ರ ಸೆಪ್ಟೆಂಬರ್ 20, ಭಾನುವಾರ. ಹಿಂದಿನ ರಾತ್ರಿಯಿಂದ ಸುರಿದ ಮಳೆಗೆ ಉಡುಪಿಯಲ್ಲಿ ಕಲ್ಸಂಕ, ಬೈಲಕೆರೆ, ಕೃಷ್ಣ ಮಠದ ಸುತ್ತಮುತ್ತ ಎಲ್ಲ ಇಂದ್ರಾಣಿ ತೋಡಿನ ಪಾಲಾಯಿತು. ಸ್ವರ್ಣಾ ನದಿ ಬದಿಯ ಊರುಗಳಿಂದ ಜನರನ್ನು ದೋಣಿಯಲ್ಲಿ ತರಬೇಕಾಯಿತು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಬಂತು. ಇಂಥ ಹೊತ್ತಿನಲ್ಲಿ 'ಇಂಥ ಮನೆಯಲ್ಲಿ ವಯಸ್ಸಾದವರು ಸಿಕ್ಕಿಕೊಂಡಿದ್ದಾರೆ, ದೋಣಿ ಕಳಿಸಿ' ಎಂಬ ಸಂದೇಶಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ. ತೊಂದರೆ ಶುರುವಾಗುವುದು ಆ ವಯಸ್ಸಾದವರು ದೋಣಿ ಹತ್ತಿದ ಮೇಲೆ. ಕರೆ ನೂರು ಗ್ರೂಪಿಗೆ ಹೋಗಿರುತ್ತದೆ, 'ಅವರನ್ನು ಕರೆತಂದಾಯಿತು' ಎಂಬ ಮಾತು ಒಂದೇ ಗ್ರೂಪಿನಲ್ಲಿ ನಿಲ್ಲುತ್ತದೆ. ಸಂಕಟಕ್ಕೆ ಇರುವ ಓಟ ಸಮಾಧಾನಕ್ಕೆ ಇರುವುದಿಲ್ಲ. ಮರುದಿನವೂ ಕರೆ ಓಡುತ್ತದೆ, ಆ ನಂಬರಿಗೆ ಫೋನು ಬಂದು ಬಂದು ಬ್ಯಾಟರಿ ಮುಗಿಯುತ್ತದೆ, ಇನ್ನೊಂದು ಮನೆಗೆ ಹೋಗಬೇಕಾದ ದೋಣಿ ಖಾಲಿ ಮನೆಯ ಮುಂದೆ ನಿಲ್ಲುತ್ತದೆ.

ಕೇರಳದಲ್ಲಿ 2018ರ ಆಗಸ್ಟ್ ಪ್ರವಾಹದಲ್ಲಿ ಇದೇ ಗೋಳು ದೊಡ್ಡ ಪ್ರಮಾಣದಲ್ಲಿ ಎದುರಾಯಿತು. ಅಲ್ಲಿನ ಸರಕಾರ ಮತ್ತು ಸ್ವಯಂಸೇವಕ ತಂತ್ರಜ್ಞರು ಸೇರಿ 'ಕೇರಳ ರೆಸ್ಕ್ಯೂ' ಎಂಬ ಜಾಲತಾಣ ಕಟ್ಟಿದರು. ಕರೆಗಳೆಲ್ಲ ಒಂದೇ ಪಟ್ಟಿಗೆ ಬಂದವು, ಹುಡುಗ ಹುಡುಗಿಯರು ಕೂತು ಒಂದೊಂದೇ ನಂಬರಿಗೆ ಫೋನು ಮಾಡಿ ಪರಿಶೀಲಿಸಿದರು. ಆ ಕೆಲಸದ ಹೆಚ್ಚುಗಾರಿಕೆ ನನ್ನ ಮಟ್ಟಿಗೆ ತಂತ್ರಾಂಶದಲ್ಲಿಲ್ಲ. ಫೋನು ಮಾಡಿ 'ನೀವು ಈಗ ಎಲ್ಲಿದ್ದೀರಿ?' ಎಂದು ಕೇಳಿದ್ದರಲ್ಲಿದೆ. ನಮ್ಮಲ್ಲಿ ಎರಡೂ ಜಿಲ್ಲೆಗಳ ನಿಯಂತ್ರಣ ಕೊಠಡಿಗೆ 1077 ಎಂಬ ನಂಬರಿದೆ. ಗ್ರೂಪಿನಲ್ಲಿ ಹತ್ತು ಜನ 'ಶೇರ್ ಮಾಡಿ' ಎನ್ನುವಾಗ ಮೊದಲನೆಯವನು ಆ ನಾಲ್ಕು ಅಂಕಿ ಒತ್ತಿದ್ದಾನಾ ಎಂದು ಕೇಳುವವರು ಅಪರೂಪ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಸಾಮಾಜಿಕ ಜಾಲತಾಣದಲ್ಲಿ ಹೆಚ್ಚು ಕಾಣುವುದು ಹೆಚ್ಚು ನಷ್ಟವಾದ ಜಾಗವಲ್ಲ, ಹೆಚ್ಚು ನೆಟ್‌ವರ್ಕ್ ಇರುವ ಜಾಗ. 2019ರ ಆಗಸ್ಟ್ 9ರಂದು ಬೆಳ್ತಂಗಡಿಯ ಚಾರ್ಮಾಡಿ, ದಿಡುಪೆ, ಕುಕ್ಕಾವು ಕಡೆ ಗುಡ್ಡವೇ ನೀರು, ಮರ, ಬಂಡೆಗಳ ಜೊತೆ ಇಳಿದು ಬಂತು. ತೋಟಗಳು ಮರಳಿನಡಿ ಹೋದವು, ಘಾಟಿ ರಸ್ತೆ ಅಲ್ಲಲ್ಲಿ ಕುಸಿದು ಬಂದ್ ಆಯಿತು. ಅಂಥ ಕಡೆ ಮೊದಲು ಹೋಗುವುದು ಕರೆಂಟು. ಟವರಿನ ಬ್ಯಾಟರಿ ಕೆಲವು ಗಂಟೆ ಬದುಕುತ್ತದೆ, ಮತ್ತೆ ಮೌನ. ಕೊಟ್ಟಾರ ಚೌಕಿಯಲ್ಲಿ ಮೊಣಕಾಲಿನವರೆಗೆ ನೀರು ಬಂದರೆ ಐವತ್ತು ರೀಲ್ಸ್ ಬರುತ್ತವೆ. ಘಟ್ಟದ ಬುಡದ ಮನೆಯಿಂದ ಒಂದು ಹಲೋ ಕೂಡ ಬರುವುದಿಲ್ಲ. ಯಾವ ಊರಿನ ಗ್ರೂಪು ಇದ್ದಕ್ಕಿದ್ದಂತೆ ಸುಮ್ಮನಾಯಿತು ಎಂದು ಗಮನಿಸುವವರು ನಿಯಂತ್ರಣ ಕೊಠಡಿಯಲ್ಲಿ ಒಬ್ಬರಾದರೂ ಬೇಕು.

ಚಿತ್ರ ಸಿಕ್ಕಿದರೂ ಎಲ್ಲವೂ ಸಿಗುವುದಿಲ್ಲ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತದ ಹೊತ್ತಿಗೆ ಕಾಪು ಬಳಿ ಬಂಡೆಗೆ ಸಿಕ್ಕಿಕೊಂಡ 'ಕೋರಮಂಡಲ್ ಸಪೋರ್ಟರ್' ಎಂಬ, ಹಡಗು ಎಳೆಯುವ ಟಗ್ ದೋಣಿಯ ದೃಶ್ಯ ಎಲ್ಲರ ಮೊಬೈಲಿನಲ್ಲೂ ಇತ್ತು. ಅದರಲ್ಲಿ ಒಂಬತ್ತು ಜನ. ದಡದಲ್ಲಿ ಕೂತು ನೋಡಿದವರಿಗೆ, ಇಷ್ಟು ಹತ್ತಿರ ಕಾಣುತ್ತದಲ್ಲ, ಯಾಕೆ ಯಾರೂ ಹೋಗುವುದಿಲ್ಲ ಎಂದು ಸಿಟ್ಟು. ಆ ಕಡಲಿಗೆ ದೋಣಿ ಇಳಿಸುವುದೆಂದರೆ ಏನು ಎಂದು ಮಲ್ಪೆಯಲ್ಲಿ ದೋಣಿ ನಡೆಸುವ ಯಾವ ತಂಡೇಲನನ್ನು ಕೇಳಿದರೂ ಹೇಳುತ್ತಿದ್ದ. ಮೇ 17ರಂದು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕರಾವಳಿ ಕಾವಲು ಪಡೆ ಸೇರಿ ಒಂಬತ್ತೂ ಮಂದಿಯನ್ನು ದಡ ಸೇರಿಸಿದವು. ಮೊಬೈಲಿನ ಕ್ಯಾಮೆರಾಕ್ಕೆ ದೂರ ಕಾಣುತ್ತದೆ, ಅಲೆಯ ಪೆಟ್ಟು ಕಾಣುವುದಿಲ್ಲ.

ಗುಂಪಿಗೆ ಗೊತ್ತಿರುವುದು

ಇಷ್ಟೆಲ್ಲ ದೂರಿದ ಮೇಲೆ, ಜನರ ಮಾತೇ ಅತ್ಯುತ್ತಮ ಮಾಹಿತಿಯಾದ ಒಂದು ಸಂದರ್ಭವನ್ನು ಹೇಳಲೇಬೇಕು. 2022ರ ಜೂನ್ ಕೊನೆಗೆ ಕೊಡಗಿನ ಚೆಂಬು, ಸಂಪಾಜೆ, ಇತ್ತ ಸುಳ್ಯದ ಸುತ್ತ ಭೂಮಿ ಮತ್ತೆ ಮತ್ತೆ ನಡುಗಿತು. ಜೂನ್ 28ರ ಬೆಳಿಗ್ಗೆ ದಾಖಲಾದದ್ದು 3.0 ತೀವ್ರತೆ. ಆ ದಿನಗಳ ಸಂದೇಶಗಳ ಧಾಟಿಯೇ ಬೇರೆ: 'ಅರಂತೋಡಿನಲ್ಲಿ ಪಾತ್ರೆ ಅಲುಗಿತು, ನಿಮ್ಮಲ್ಲಿ?' 'ಗೂನಡ್ಕದಲ್ಲಿ ಸದ್ದು ಮಾತ್ರ.' ಪ್ರತಿಯೊಬ್ಬರೂ ತಾವು ನಿಂತ ಜಾಗದಿಂದ, ತಾವು ಕೇಳಿದ್ದನ್ನೇ, ಆಗಲೇ ಹೇಳಿದರು. ಭೂಕಂಪ ಅಧ್ಯಯನ ಮಾಡುವವರು ಜನರಿಂದ ಬಯಸುವುದು ಇಂಥ ವರದಿಗಳನ್ನೇ. ಅದೇ ಗ್ರೂಪಿನಲ್ಲಿ ಯಾರಾದರೂ 'ನಾಳೆ ಇಷ್ಟು ಗಂಟೆಗೆ ಮತ್ತೆ ಆಗುತ್ತದೆ' ಎಂದರೆ ಓದದೆಯೇ ಅಳಿಸಬಹುದು. ಭೂಕಂಪದ ಗಂಟೆ ಹೇಳಬಲ್ಲ ವಿಜ್ಞಾನ ಇನ್ನೂ ಹುಟ್ಟಿಲ್ಲ.

ಕಾನೂನು ಇದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ 54ನೇ ಕಲಮು, ಜನರಲ್ಲಿ ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆ ಹಬ್ಬಿಸಿದವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಎನ್ನುತ್ತದೆ. ಬೇಕೆಂದೇ ಮಾಡುವವನಿಗೆ ಅದು ಸರಿ. ಆದರೆ ಪ್ರತಿ ಮಳೆಗಾಲದಲ್ಲಿ 'ಕಠಿಣ ಕ್ರಮ' ಎಂಬ ಪ್ರಕಟಣೆ ಓದಿದಾಗ ನನಗೆ ಅನಿಸುವುದು, ಇದಕ್ಕೆ ಮೊದಲು ಹೆದರುವವನು ರಜೆಯ ಆದೇಶ ತಿದ್ದಿದ ಹುಡುಗನಲ್ಲ. ಬರೆಯಲ್ಲಿ ಬಿರುಕು ಕಂಡು, ಹೇಳಲಾ ಬೇಡವಾ ಎಂದು ನಿಂತ ಕೂಲಿಯವನು.

ಲೈಕಿಗಾಗಿ ನೀರಿಗೆ ಇಳಿಯುವವರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. 2023ರ ಜುಲೈಯಲ್ಲಿ ಕೊಲ್ಲೂರು ಬಳಿ ಅರಶಿನಗುಂಡಿ ಜಲಪಾತದಲ್ಲಿ ಯುವಕನೊಬ್ಬ ಕಾಲು ಜಾರಿ ಹೋದ ವಿಡಿಯೋವನ್ನು ಎಷ್ಟು ಜನ ನೋಡಿದರೋ, ಆ ಮೇಲೂ ಅಂಥ ಬಂಡೆಗಳ ಮೇಲೆ ಕ್ಯಾಮೆರಾ ಹಿಡಿದು ನಿಂತವರನ್ನು ನಾನೇ ನೋಡಿದ್ದೇನೆ.

ನಮ್ಮ ಗ್ರೂಪಿನಲ್ಲಿ ಪಂಪ್‌ವೆಲ್ ಪ್ರಕರಣದ ನಂತರ ಮಾವ ಒಂದು ನಿಯಮ ತಂದರು. ನೀರಿನ ಚಿತ್ರ ಹಾಕುವವರು ಕೆಳಗೆ ಮೂರು ಮಾತು ಬರೆಯಬೇಕು: ಯಾವ ಜಾಗ, ಎಷ್ಟು ಗಂಟೆ, ಕಣ್ಣಾರೆ ನೋಡಿದ್ದು ಯಾರು. ಬರೆಯದಿದ್ದರೆ ಅವರೇ ಫೋನ್ ಮಾಡಿ ಕೇಳುತ್ತಾರೆ, ಊಟದ ಹೊತ್ತು ಎಂದೂ ನೋಡುವುದಿಲ್ಲ. ಮೊದಲ ಮಳೆಗಾಲದಲ್ಲಿ ಎಲ್ಲರಿಗೂ ಕಿರಿಕಿರಿಯಾಯಿತು, ಇಬ್ಬರು ಗ್ರೂಪ್ ಬಿಟ್ಟು ಹೋದರು. ಚಿತ್ರಗಳೂ ಕಡಿಮೆಯಾದವು, ಬಂದ ನಾಲ್ಕರಲ್ಲಿ ಮೂರು ಉಪಯೋಗಕ್ಕೆ ಬಂದವು. ಮಾವನಿಗೆ ಈಗ ಅದು ಎಷ್ಟು ಅಭ್ಯಾಸವಾಗಿದೆ ಎಂದರೆ, ಮೊನ್ನೆ ಯಾರೋ ಮೂಡಬಿದಿರೆಯ ಮದುವೆಯ ಫೋಟೊ ಹಾಕಿದಾಗಲೂ ಕೇಳಿದರು: "ಇದು ಯಾವ ವರ್ಷದ್ದು?"